ಹಳೇ ಮೋಟೋಕ್ರಾಸ್ ಬೈಕು, ಹೊಸ ಬೈಕು: ಒಂದೇ ಟ್ರ್ಯಾಕ್‌ನಲ್ಲಿ ಓಡಿಸಬಹುದಾ?

ಎಲ್ಸಿನೋರ್74

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಒಹಾಯೋದಲ್ಲಿ, ಊರು ತುಮಕೂರು ಕಡೆ. ನನ್ನ ಹತ್ತಿರ ಎರಡು ಮೋಟೋಕ್ರಾಸ್ ಬೈಕುಗಳಿವೆ, ಅಂದರೆ ಮಣ್ಣಿನ ಟ್ರ್ಯಾಕ್‌ನಲ್ಲಿ ರೇಸ್ ಮಾಡುವ ಬೈಕುಗಳು. ಒಂದು 1974ರ ಹೋಂಡಾ ಸಿಆರ್250ಎಂ, ಎಲ್ಲರೂ ಎಲ್ಸಿನೋರ್ ಅಂತ ಕರೆಯುವ ಗಾಡಿ. ಇನ್ನೊಂದು 2019ರ ಯಮಹಾ ವೈಝಡ್250ಎಫ್. ಎರಡೂ 250 ಸಿಸಿ. ತೂಕದಲ್ಲೂ ಅಂಥ ದೊಡ್ಡ ವ್ಯತ್ಯಾಸ ಇಲ್ಲ, ಎರಡೂ ನೂರು ಕೆ.ಜಿ. ಆಸುಪಾಸು. ಆದರೆ ಹಳೆಯದರ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವುದು ಸುಮಾರು 4 ಇಂಚು. ಹೊಸದರದ್ದು 12 ಇಂಚು.

ಹೋದ ಭಾನುವಾರ ಎರಡನ್ನೂ ಗಾಡಿಗೆ ಹೇರಿಕೊಂಡು ಒಂದು ಪ್ರಾಕ್ಟೀಸ್ ಟ್ರ್ಯಾಕ್‌ಗೆ ಹೋದೆ. ಬೆಳಿಗ್ಗೆ ಮಣ್ಣು ಹದವಾಗಿತ್ತು. ನೀರು ಹೊಡೆದು, ಉತ್ತು, ಸಮ ಮಾಡಿದ್ದರು. ಹೊಸದಾಗಿ ಉತ್ತ ಹೊಲದ ವಾಸನೆ ಬರುತ್ತಿತ್ತು. ಮೊದಲ ಸರದಿಗೆ ಎಲ್ಸಿನೋರ್ ತೆಗೆದೆ. ಎಷ್ಟು ಚೆನ್ನಾಗಿ ಓಡಿತು ಅಂದರೆ, ಐದು ಸುತ್ತಿನ ಮೇಲೂ ನಿಲ್ಲಿಸಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಆಗಿದ್ದು ಬೇರೆ. ಅಲ್ಲಿ ಸರದಿಗಳನ್ನು ಸವಾರರ ಅನುಭವ ನೋಡಿ ಮಾಡಿದ್ದರು: ಹೊಸಬರು, ಮಧ್ಯಮ, ಪಳಗಿದವರು. ಬೈಕು ಯಾವುದು ಅಂತ ಯಾರೂ ಕೇಳಲಿಲ್ಲ. ಯಮಹಾದಲ್ಲಿ ನಾನು ಮಧ್ಯಮ ಗುಂಪಿನವನು. ಹಾಗಾಗಿ ಎಲ್ಸಿನೋರ್‌ನಲ್ಲೂ ಅದೇ ಗುಂಪಿನಲ್ಲಿ ಹೋದೆ. ಅಲ್ಲೊಂದು ದೊಡ್ಡ ಟೇಬಲ್‌ಟಾಪ್ ಇದೆ. ಹತ್ತುವ ಇಳಿಜಾರು, ಮೇಲೆ ಸಮತಟ್ಟು, ಆಚೆ ಇಳಿಯುವ ಇಳಿಜಾರು. ಹಳೇ ಬೈಕಿನಲ್ಲಿ ಅದನ್ನು ಹಾರಲು ಆಗುವುದಿಲ್ಲ. ಚಕ್ರ ನೆಲಕ್ಕೆ ಅಂಟಿಸಿಕೊಂಡೇ ದಾಟಬೇಕು. ನಾನು ಮೇಲಿನ ಸಮತಟ್ಟಿನಲ್ಲಿದ್ದಾಗ ಹಿಂದಿನಿಂದ ಒಬ್ಬ ಹುಡುಗ 450 ಸಿಸಿ ಬೈಕಿನಲ್ಲಿ ಹಾರಿದ. ಏರಿಯ ಮರೆಯಲ್ಲಿ ಅವನಿಗೆ ನಾನು ಕಾಣಿಸಿರಲಿಲ್ಲ. ಗಾಳಿಯಲ್ಲಿದ್ದಾಗಲೇ ಕಂಡಿದ್ದು. ನನ್ನ ಎಡಗಡೆ, ಒಂದು ಕೈ ಅಳತೆಯಲ್ಲಿ ಇಳಿದ. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಬಂದು ಕ್ಷಮೆ ಕೇಳಿದ. ಅವನದೇನೂ ತಪ್ಪಿಲ್ಲ ಅಂತ ನಾನೇ ಹೇಳಿದೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಇದು. ಹಳೇ ಮತ್ತು ಹೊಸ ಬೈಕುಗಳಿಗೆ ಒಂದೇ ಟ್ರ್ಯಾಕ್ ಸಾಧ್ಯವಾ? ಸಾಧ್ಯ ಅಂತ ನನ್ನ ನಂಬಿಕೆ. ಆದರೆ ಹೇಗೆ ಅನ್ನುವುದು ಸರಿಯಾಗಿ ಗೊತ್ತಾಗಬೇಕು.

ಕೋಲಾರದ ಧೂಳು

ಸರ್, ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು.

ನಾನು ಕವಾಸಾಕಿ ಕೆಎಕ್ಸ್250 ಓಡಿಸುತ್ತೇನೆ. ಹಾರುವವನ ಕಡೆಯಿಂದ ಹೇಳುತ್ತೇನೆ. ನೆಲ ಬಿಟ್ಟ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ತುಂಬಾ ಕಡಿಮೆ. ಹಿಂದಿನ ಬ್ರೇಕ್ ಒತ್ತಿ ಮೂತಿ ಕೆಳಗೆ ಮಾಡಬಹುದು. ಆಕ್ಸಿಲರೇಟರ್ ಕೊಟ್ಟು ಮೂತಿ ಮೇಲೆ ಮಾಡಬಹುದು. ಎಲ್ಲಿ ಇಳಿಯುತ್ತೇವೆ ಅನ್ನುವುದು ಮಾತ್ರ ಮಣ್ಣು ಬಿಡುವಾಗಲೇ ತೀರ್ಮಾನ ಆಗಿರುತ್ತದೆ. ಅದಕ್ಕೇ ಮುಂದಿರುವವರು ಲೈನ್, ಅಂದರೆ ಹೋಗುತ್ತಿರುವ ದಾರಿ, ಬದಲಿಸಬಾರದು ಅಂತ ಎಲ್ಲ ಕಡೆ ಹೇಳಿಕೊಡುವುದು. ನೀವು ನಿಮ್ಮ ಲೈನ್ ಬಿಡದೆ ಹೋಗಿದ್ದೀರಿ, ಅದಕ್ಕೇ ಅವನಿಗೆ ಪಕ್ಕದಲ್ಲಿ ಜಾಗ ಸಿಕ್ಕಿತು.

ಆದರೂ ಒಂದು ಮಾತು. ಹಳೇ ಬೈಕಿಗೋಸ್ಕರ ಜಂಪ್‌ಗಳನ್ನು ತಗ್ಗಿಸಿ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಕಡೆ ಸರಿಯಾದ ಜಂಪ್ ಇರುವ ಟ್ರ್ಯಾಕ್ ಸಿಗುವುದೇ ಕಷ್ಟ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. ಅವರು ಕೋಲಾರದ ಹತ್ತಿರ ಬಿಗ್ ರಾಕ್ ಡರ್ಟ್ ಪಾರ್ಕ್ ಮಾಡಿದ ಮೇಲೆ ತಾನೇ ನಮ್ಮಂಥವರಿಗೆ ಅಭ್ಯಾಸಕ್ಕೆ ಒಂದು ಜಾಗ ಅಂತ ಆಗಿದ್ದು? ಅದಕ್ಕೂ ಮುಂಚೆ ಯಾರದೋ ಖಾಲಿ ಲೇಔಟ್‌ನಲ್ಲಿ, ಅವರು ಬಂದು ಓಡಿಸುವವರೆಗೆ ಓಡಿಸುತ್ತಿದ್ದೆವು.

ಯಾದವಗಿರಿ

ಕೋಲಾರದವರೇ, ನಿಮ್ಮ ಮಾತು ಅರ್ಥ ಆಗುತ್ತದೆ. ಆದರೆ ಜಂಪ್ ಇದ್ದರೇ ಮೋಟೋಕ್ರಾಸ್ ಅನ್ನುವ ಭಾವನೆ ಬಂದಿದ್ದು ಆಮೇಲೆ. ಮೊದಲು ಬದಲಾಗಿದ್ದು ಬೈಕು. ಮಣ್ಣು ಬದಲಾಗಿದ್ದು ಅದರ ಹಿಂದೆ.

ಈ ಆಟ ಶುರುವಾಗಿದ್ದು ಇಂಗ್ಲೆಂಡಿನಲ್ಲಿ, 1924ರಲ್ಲಿ, ಕ್ಯಾಂಬರ್ಲಿ ಅನ್ನುವ ಊರಿನ ಹತ್ತಿರ. ಆಗ ಅದಕ್ಕೆ ಸ್ಕ್ರ್ಯಾಂಬಲ್ ಅಂತ ಹೆಸರು. ಇದ್ದ ಗುಡ್ಡ, ಇದ್ದ ಹಳ್ಳ, ಇದ್ದ ಕೆಸರು. ಯಾರೂ ಮಣ್ಣು ಗುಡ್ಡೆ ಹಾಕಿ ಏರಿ ಕಟ್ಟಲಿಲ್ಲ. ಯುದ್ಧದ ನಂತರವೂ ಹಾಗೇ. ಬೆಲ್ಜಿಯಂನ ನಾಮೂರ್‌ನಲ್ಲಿ ಕೋಟೆಯ ಗುಡ್ಡದ ಮರಗಳ ನಡುವೆಯೇ ರೇಸ್ ನಡೆಯುತ್ತಿತ್ತು.

ಚಕ್ರದ ಆಟ 4 ಇಂಚು ಇದ್ದದ್ದು ಯಾವಾಗ ಬದಲಾಯಿತು ನೋಡಿ. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಅನ್ನುವ ಇಂಜಿನಿಯರ್ ಹಿಂದಿನ ಚಕ್ರದ ಕುಲುಕು ತಡೆಯುವ ಎರಡು ಶಾಕ್‌ಗಳ ಬದಲು ಒಂದೇ ಉದ್ದನೆಯ ಶಾಕ್ ಇಟ್ಟು ನೋಡಿದರು. ಯಮಹಾ ಅದನ್ನು ತೆಗೆದುಕೊಂಡಿತು. 1973ರಲ್ಲಿ ಹಾಕನ್ ಆಂಡರ್ಸನ್ ಯಮಹಾದಲ್ಲೇ 250 ಸಿಸಿ ವರ್ಗದ ವಿಶ್ವ ಚಾಂಪಿಯನ್ ಆದರು. ಮರು ವರ್ಷ ಜರ್ಮನಿಯ ಮೈಕೋದವರು ಇದ್ದ ಎರಡೇ ಶಾಕ್‌ಗಳನ್ನು ಮುಂದಕ್ಕೆ ಬಗ್ಗಿಸಿ ಕೂರಿಸಿ ಆಟ ಜಾಸ್ತಿ ಮಾಡಿದರು. ಅಲ್ಲಿಂದ ಪೈಪೋಟಿ. 1981ರ ಹೊತ್ತಿಗೆ 12 ಇಂಚು ಮಾಮೂಲಾಯಿತು. ಹತ್ತು ವರ್ಷದೊಳಗೆ ಮೂರು ಪಟ್ಟು!

ಇನ್ನೊಂದು ಕಡೆ 1972ರಲ್ಲಿ ಲಾಸ್ ಏಂಜಲೀಸ್‌ನ ಕೊಲಿಸಿಯಂ ಕ್ರೀಡಾಂಗಣಕ್ಕೆ ಮಣ್ಣು ತಂದು ಸುರಿದು ರೇಸ್ ಮಾಡಿದರು. ಗೆದ್ದದ್ದು 16 ವರ್ಷದ ಹುಡುಗ, ಮಾರ್ಟಿ ಟ್ರೈಪ್ಸ್. ಇವತ್ತಿನ ಸೂಪರ್‌ಕ್ರಾಸ್‌ಗೆ, ಅಂದರೆ ಕ್ರೀಡಾಂಗಣದೊಳಗೆ ನಡೆಯುವ ಮೋಟೋಕ್ರಾಸ್‌ಗೆ, ಅದೇ ಮೂಲ. ಜನರಿಗೆ ಹಾರುವ ಬೈಕು ನೋಡಿ ರುಚಿ ಹತ್ತಿತು. ಹೊರಗಿನ ಟ್ರ್ಯಾಕ್‌ಗಳಲ್ಲೂ ಏರಿಗಳು ಎದ್ದವು.

ಎಲ್ಸಿನೋರ್ ಹುಟ್ಟಿದ್ದು ಈ ಏರಿಗಳಿಗಿಂತ ಮುಂಚೆ. ಅದಕ್ಕೆ ಈಗಿನ ಟ್ರ್ಯಾಕ್‌ನಲ್ಲಿ ಹಾರಲು ಬರುವುದಿಲ್ಲ ಅಂದರೆ ಅದು ಅದರ ಕೊರತೆ ಅಲ್ಲ.

ಬಲಗಾಲು ಗೇರ್

ನಾನು ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿದ್ದೇನೆ. ಹಾಕ್‌ಸ್ಟೋನ್ ಪಾರ್ಕ್ ಅನ್ನುವ ಹಳೇ ಮೋಟೋಕ್ರಾಸ್ ಟ್ರ್ಯಾಕ್ ನಮ್ಮ ಜಿಲ್ಲೆಯಲ್ಲೇ ಇದೆ. ಮರಳು ನೆಲ, ಎದುರಿಗೆ ಗೋಡೆಯಂಥ ಗುಡ್ಡ. ಆ ಗುಡ್ಡದ ಕೆಳಗೆ ನಿಂತು ಇಂಗ್ಲೆಂಡಿನದೇ ಹಳೇ ಬೈಕು ಬಿಎಸ್‌ಎ ಏರುವುದನ್ನು ಕೇಳಿದರೆ ಎದೆಯೊಳಗೆ ಡೊಳ್ಳು ಹೊಡೆದ ಹಾಗಾಗುತ್ತದೆ.

ಇಲ್ಲಿ ಹಳೇ ಬೈಕುಗಳ ರೇಸ್ ಬಹಳ ಕಡೆ ಹುಲ್ಲುಗಾವಲಿನಲ್ಲೇ ನಡೆಯುತ್ತದೆ. ಅದಕ್ಕೊಂದು ಕಾರಣವಿದೆ. ಇಂಗ್ಲೆಂಡಿನಲ್ಲಿ ಹೊಲದಲ್ಲಿ ಬೈಕ್ ರೇಸ್ ಮಾಡಿಸಲು ವರ್ಷಕ್ಕೆ 14 ದಿನದವರೆಗೆ ಪ್ರತ್ಯೇಕ ಪ್ಲಾನಿಂಗ್ ಅನುಮತಿ ಬೇಕಿಲ್ಲ. ರೈತ ಹೊಲ ಬಿಟ್ಟುಕೊಡುತ್ತಾನೆ. ಕ್ಲಬ್‌ನವರು ಗೂಟ ಹೊಡೆದು ಹಗ್ಗ ಕಟ್ಟುತ್ತಾರೆ. ಸಂಜೆ ಎಲ್ಲ ಕಿತ್ತುಕೊಂಡು ಹೋಗುತ್ತಾರೆ. ಮಾರನೇ ವಾರ ಅಲ್ಲಿ ಕುರಿ ಮೇಯುತ್ತಿರುತ್ತವೆ. ಹಾಗಿರುವಾಗ ಅಲ್ಲಿ ಏರಿ ಕಟ್ಟುವವರು ಯಾರು? ನೆಲ ಇದ್ದ ಹಾಗೇ ಓಡಿಸುವುದು. ಇಂಥ ಹೊಲದಲ್ಲಿ 1960ರ ಬೈಕೂ ಓಡುತ್ತದೆ, ಈಗಿನದೂ ಓಡುತ್ತದೆ. ಆದರೆ ಹೊಸ 450ರ ಗುಂಪು ಅರ್ಧ ಗಂಟೆ ಓಡಿದ ಮೇಲೆ ಅದೇ ಹೊಲ ಹಳೇ ಬೈಕಿಗೆ ಉಳಿದಿರುವುದಿಲ್ಲ. ಮೂಲೆಯಲ್ಲಿ ಮೊಣಕಾಲುದ್ದ ಕೊರಕಲು ಬಿದ್ದಿರುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ನನ್ನ ಬಿಎಸ್‌ಎಯಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಈಗಿನ ಬೈಕಿನಲ್ಲಿ ಅದಲು ಬದಲು. ಒಂದೇ ದಿನ ಎರಡನ್ನೂ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಮ್ನೆ ಸುತ್ತು ಹೊಡೆಯುವಾಗ ಸರಿಯಾಗಿಯೇ ಇರುತ್ತದೆ. ಗಾಬರಿಯಾದಾಗ ಕಾಲು ಹಳೇ ಅಭ್ಯಾಸಕ್ಕೆ ಓಡುತ್ತದೆ. ಬ್ರೇಕ್ ಅಂದುಕೊಂಡು ಗೇರ್ ಒತ್ತಿರುತ್ತೀರಿ. ನಾನೀಗ ಬೆಳಿಗ್ಗೆಯೆಲ್ಲ ಒಂದು, ಊಟದ ನಂತರ ಇನ್ನೊಂದು ಅಂತ ಇಟ್ಟುಕೊಂಡಿದ್ದೇನೆ. ಬೈಕು ಬದಲಿಸಿದಾಗ ಮೊದಲ ಎರಡು ಸುತ್ತು ನಿಧಾನ. ಬರೀ ಕಾಲಿಗೆ ಪಾಠ.

ಆರ್‌ಎಕ್ಸ್ ಹಾಸನ

ಈ ಚರ್ಚೆ ನನಗೆ ಸರಿಯಾದ ಹೊತ್ತಿಗೆ ಸಿಕ್ಕಿತು. ನನ್ನ ಹತ್ತಿರ 1994ರ ಯಮಹಾ ಆರ್‌ಎಕ್ಸ್100 ಇದೆ. ನಮ್ಮ ಚಿಕ್ಕಪ್ಪ ಹಿಂದೆ ಡರ್ಟ್ ಟ್ರ್ಯಾಕ್ ರೇಸ್‌ಗೆ ಮಾಡಿಸಿದ್ದ ಗಾಡಿ. ಉದ್ದನೆಯ ಫೋರ್ಕ್, ಎತ್ತರದ ಶಾಕ್, ಮೇಲಕ್ಕೆ ಎತ್ತಿದ ಸೈಲೆನ್ಸರ್. ಆಯಿಲ್ ಪಂಪ್ ಕಿತ್ತು ಪೆಟ್ರೋಲಿಗೇ ಎಣ್ಣೆ ಬೆರೆಸುವುದು. ಹತ್ತು ವರ್ಷ ಶೆಡ್‌ನಲ್ಲಿತ್ತು. ಈಗ ಇಂಜಿನ್ ಬಿಚ್ಚಿ ಸರಿ ಮಾಡಿದ್ದೇನೆ.

ಗೆಳೆಯರು ಮುಂದಿನ ತಿಂಗಳು ಒಂದು ಟ್ರ್ಯಾಕ್ ಬಾಡಿಗೆಗೆ ಹಿಡಿದಿದ್ದಾರೆ. ಅವರದ್ದೆಲ್ಲ ಹೊಸ ಬೈಕು, ಕೆಟಿಎಂ, ಕವಾಸಾಕಿ. ನಾನೊಬ್ಬನೇ ಆರ್‌ಎಕ್ಸ್. ಇದು ಇಂಗ್ಲೆಂಡ್, ಅಮೆರಿಕದವರ ಲೆಕ್ಕದಲ್ಲಿ ವಿಂಟೇಜ್ ಅಲ್ಲದೇ ಇರಬಹುದು. ಆದರೆ ನಮ್ಮ ಕಡೆ ಮಣ್ಣಿನ ರೇಸ್ ಅಂದರೆ ಇದೇ ತಾನೇ? ಆರ್‌ಎಕ್ಸ್, ಶೋಗನ್ ಇಲ್ಲದಿದ್ದರೆ ಹಾಸನ, ಚಿಕ್ಕಮಗಳೂರು, ಶಿವಮೊಗ್ಗದ ಹುಡುಗರು ಮಣ್ಣಿಗೆ ಇಳಿಯುತ್ತಲೇ ಇರಲಿಲ್ಲ. ಹೋಗಬಹುದಾ? ಏನು ನೋಡಿಕೊಳ್ಳಬೇಕು?

ಪಡುಬಿದ್ರಿ

ಹೋಗಿ. ಆದರೆ ಬಾವುಟ ಹಿಡಿಯುವವರಿಲ್ಲದ ಕಡೆ ಹೋಗಬೇಡಿ.

ನಾನು ಸವಾರ ಅಲ್ಲ. ಹದಿನೈದು ವರ್ಷದಿಂದ ಮಣ್ಣಿನ ರೇಸ್‌ಗಳಲ್ಲಿ ಮಾರ್ಷಲ್ ಕೆಲಸ, ಅಂದರೆ ಟ್ರ್ಯಾಕ್ ಪಕ್ಕ ನಿಂತು ಬಾವುಟ ತೋರಿಸುವ ಕೆಲಸ, ಮಾಡುತ್ತಿದ್ದೇನೆ. ಎಲ್ಸಿನೋರ್ ಅವರು ಹೇಳಿದ ಘಟನೆಯಲ್ಲಿ ಆ ಟೇಬಲ್‌ಟಾಪ್ ಪಕ್ಕ ಹಳದಿ ಬಾವುಟ ಹಿಡಿದು ಒಬ್ಬರು ನಿಂತಿದ್ದರೆ ಹುಡುಗ ಹಾರುತ್ತಲೇ ಇರಲಿಲ್ಲ. ಹಳದಿ ಬೀಸಿದರೆ ಹಾರುವ ಹಾಗಿಲ್ಲ, ಓವರ್‌ಟೇಕ್ ಮಾಡುವ ಹಾಗಿಲ್ಲ. ಮರೆಯಾಗುವ ಪ್ರತಿ ಏರಿಗೂ ಒಬ್ಬ ಮನುಷ್ಯ ಬೇಕು. ರೇಸ್ ದಿನ ಎಲ್ಲರೂ ಇದನ್ನು ಪಾಲಿಸುತ್ತಾರೆ. ಪ್ರಾಕ್ಟೀಸ್ ದಿನ ಮರೆಯುತ್ತಾರೆ. ನಾನು ಕಂಡ ಹಾಗೆ ಹೆಚ್ಚು ಜನ ಬಿದ್ದದ್ದು ಪ್ರಾಕ್ಟೀಸ್ ದಿನವೇ.

ಒಂದೇ ಟ್ರ್ಯಾಕ್ ಅನ್ನುವ ಪ್ರಶ್ನೆಗೆ ನಮ್ಮ ಕರಾವಳಿಯವರು ಎಂದೋ ಉತ್ತರ ಕಂಡುಕೊಂಡಿದ್ದಾರೆ. ಕಂಬಳ ನೋಡಿ. ಗದ್ದೆ ಒಂದೇ, ಕೆಸರು ಒಂದೇ. ಆದರೆ ನೇಗಿಲು ಕಿರಿಯ ಬೇರೆ, ನೇಗಿಲು ಹಿರಿಯ ಬೇರೆ, ಹಗ್ಗ ಬೇರೆ, ಅಡ್ಡ ಹಲಗೆ ಬೇರೆ, ಕನೆಹಲಗೆ ಬೇರೆ. ಈಗಷ್ಟೇ ಪಳಗುತ್ತಿರುವ ಕೋಣವನ್ನು ಹಿರಿಯ ಜೋಡಿಯ ಪಕ್ಕ ಕಟ್ಟುವವರಿಲ್ಲ. ಗದ್ದೆ ಹಂಚಿಕೊಳ್ಳುತ್ತಾರೆ, ಹೊತ್ತು ಹಂಚಿಕೊಳ್ಳುವುದಿಲ್ಲ.

ಕೋಲಾರದ ಧೂಳು

ಗದ್ದೆ ಒಂದೇ, ಹೊತ್ತು ಬೇರೆ. ಇದು ನನಗೂ ಒಪ್ಪಿಗೆ.

ಸೂಪರ್‌ಕ್ರಾಸ್‌ನಲ್ಲೂ ಹಾಗೇ ಇದೆ. 2024ರಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಬೆಂಗಳೂರು ಸುತ್ತು ಚಿಕ್ಕಜಾಲದಲ್ಲಿ ನಡೆಯಿತಲ್ಲ, ಅಲ್ಲಿ 450, 250, ಮಕ್ಕಳ 85 ಎಲ್ಲವೂ ಒಂದೇ ಮಣ್ಣಿನಲ್ಲಿ, ಬೇರೆ ಬೇರೆ ಸರದಿಯಲ್ಲಿ ಓಡಿದವು. 85ರ ಹುಡುಗರು ಎಲ್ಲ ಏರಿಗಳನ್ನೂ 450ರವರ ಹಾಗೆ ಹಾರುವುದಿಲ್ಲ. ಒಂದೊಂದನ್ನೇ ಹತ್ತಿ ಇಳಿಯುತ್ತಾರೆ. ಅವರ ಸರದಿಯಲ್ಲಿ ಎಲ್ಲರೂ ಹಾಗೇ ಮಾಡುವುದರಿಂದ ಅಪಾಯ ಇಲ್ಲ.

ನನಗೆ ಈಗ ಕುತೂಹಲ ಬೇರೆ. ಎಲ್ಸಿನೋರ್ ಸರ್, ಎರಡೂ ಬೈಕಿನಲ್ಲಿ ಅದೇ ಮೂಲೆಗೆ ಬಂದಾಗ ನಿಜವಾಗಿ ಏನು ಬದಲಾಗುತ್ತದೆ? ಬ್ರೇಕ್ ಕಡಿಮೆ, ಸಸ್ಪೆನ್ಷನ್ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಕೂತವರಿಗೆ ಏನು ಅನ್ನಿಸುತ್ತದೆ, ಅದು ಬೇಕು.

ಎಲ್ಸಿನೋರ್74

ಒಳ್ಳೆಯ ಪ್ರಶ್ನೆ. ಆ ಟ್ರ್ಯಾಕ್‌ನ ಮೂರನೇ ಮೂಲೆಯನ್ನೇ ತೆಗೆದುಕೊಳ್ಳುತ್ತೇನೆ. ಉದ್ದನೆಯ ನೇರ ದಾರಿ, ಸ್ವಲ್ಪ ಇಳಿಜಾರು, ಕೊನೆಗೆ ಎಡಕ್ಕೆ ಪೂರ್ತಿ ತಿರುವು.

ಯಮಹಾದಲ್ಲಿ ಬಂದರೆ ಕಣ್ಣು ಇರುವುದು ಒಳಗಿನ ಕೊರಕಲಿನ ಮೇಲೆ. ಕೊನೆಯವರೆಗೂ ಗ್ಯಾಸ್ ಬಿಡುವುದಿಲ್ಲ. ಆಮೇಲೆ ಎರಡೂ ಡಿಸ್ಕ್ ಬ್ರೇಕ್ ಒಟ್ಟಿಗೆ. ಎಲ್ಲರೂ ಅದೇ ಜಾಗದಲ್ಲಿ ಬ್ರೇಕ್ ಹಾಕುವುದರಿಂದ ಅಲ್ಲಿ ನೆಲ ಅಲೆ ಅಲೆಯಾಗಿ ಎದ್ದಿರುತ್ತದೆ. 12 ಇಂಚಿನ ಸಸ್ಪೆನ್ಷನ್ ಆ ಅಲೆಗಳನ್ನು ನುಂಗುತ್ತದೆ. ಕೊರಕಲೊಳಗೆ ಮುಂದಿನ ಚಕ್ರ ಇಟ್ಟರೆ ಮುಗಿಯಿತು, ರೈಲು ಹಳಿಯ ಮೇಲೆ ಹೋದ ಹಾಗೆ. ಬೈಕು ಮಲಗಿಸಿ, ಮತ್ತೆ ಗ್ಯಾಸ್.

ಅದೇ ಜಾಗಕ್ಕೆ ಎಲ್ಸಿನೋರ್‌ನಲ್ಲಿ ಹೋಗಿ. ಆ ಅಲೆಗಳ ಮೇಲೆ ಒಂದು ಸಲ ಹೋದರೆ ಗೊತ್ತಾಗುತ್ತದೆ. ಮೊದಲ ಉಬ್ಬಿಗೆ ಹಿಂದಿನ 4 ಇಂಚು ಮುಗಿದಿರುತ್ತದೆ. ಎರಡನೆಯದಕ್ಕೆ ಸೀಟು ನಿಮ್ಮನ್ನು ಮೇಲಕ್ಕೆ ಒದೆಯುತ್ತದೆ. ಮೂರನೆಯದಕ್ಕೆ ಹಿಂದಿನ ಚಕ್ರ ಗಾಳಿಯಲ್ಲಿರುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಹಾಕಿ ಏನು ಉಪಯೋಗ? ಮುಂದಿನದು ಡ್ರಮ್. ಬೆಳಿಗ್ಗೆ ಚೆನ್ನಾಗಿಯೇ ಹಿಡಿಯುತ್ತದೆ. ಬಿಸಿಯಾದ ಮೇಲೆ ಬಿಡುತ್ತದೆ. ನೀರು ಹೊಕ್ಕರೆ ಎರಡು ಮೂಲೆ ಏನೂ ಇರುವುದಿಲ್ಲ.

ಹಾಗಾಗಿ ನಾನು ಬಹಳ ಮುಂಚೆಯೇ ಗ್ಯಾಸ್ ಬಿಟ್ಟು ಪೂರ್ತಿ ಹೊರಗೆ ಹೋಗುತ್ತೇನೆ. ಹಗ್ಗದ ಪಕ್ಕ. ಅಲ್ಲಿ ಯಾರೂ ಓಡಿಸಿರುವುದಿಲ್ಲ. ನೆಲ ಬೆಳಿಗ್ಗೆ ಇದ್ದ ಹಾಗೇ ನಯವಾಗಿ ಇರುತ್ತದೆ. ದೊಡ್ಡ ಸುತ್ತು, ಆದರೆ ವೇಗ ಕಳೆದುಕೊಳ್ಳುವುದಿಲ್ಲ. ಕಾಲು ಮುಂದೆ ಚಾಚಿ, ಹಿಂದಿನ ಚಕ್ರ ಸ್ವಲ್ಪ ಜಾರಲು ಬಿಟ್ಟು, ಇಂಜಿನ್ ಇಳಿಯದ ಹಾಗೆ ಕ್ಲಚ್ ಮುಟ್ಟಿ. ಮೂಲೆಯಿಂದ ಹೊರಗೆ ಬರುವಾಗ ಆ ಟೂ ಸ್ಟ್ರೋಕ್ ಒಮ್ಮೆಲೇ ಕಿರುಚಿಕೊಂಡು ಎದ್ದು ನಿಲ್ಲುತ್ತದೆ. ಆ ಕ್ಷಣಕ್ಕಾಗಿಯೇ ನಾನು ಇದನ್ನು ಇಟ್ಟುಕೊಂಡಿರುವುದು.

ಈಗ ಅಪಾಯ ಎಲ್ಲಿ ಅಂತ ನೋಡಿ. ಹೊಸ ಬೈಕು ಒಳಗೆ, ಹಳೆಯದು ಹೊರಗೆ. ಹೋಗುವಾಗ ತೊಂದರೆ ಇಲ್ಲ. ಮೂಲೆಯಿಂದ ಹೊರಗೆ ಬರುವಾಗ ಇಬ್ಬರ ದಾರಿಯೂ ಒಂದೇ ಕಡೆ ಸೇರುತ್ತದೆ. ಇಬ್ಬರೂ ಆಗಲೇ ಗ್ಯಾಸ್ ಕೊಡುತ್ತಿರುತ್ತಾರೆ. 450ರ ಹಿಂದಿನ ಚಕ್ರದಿಂದ ಬರುವ ಕಲ್ಲು ಮಣ್ಣು ಎದೆಗೆ ಬಡಿಯುವುದು ಬೇರೆ. ಸರದಿ ಬೇರೆ ಇರಬೇಕು ಅನ್ನುವುದಕ್ಕೆ ಜಂಪ್ ಒಂದೇ ಕಾರಣ ಅಲ್ಲ, ಈ ಮೂಲೆಗಳೂ ಕಾರಣ.

ಆದರೂ ಎರಡನ್ನೂ ಒಂದೇ ಟ್ರ್ಯಾಕ್‌ನಲ್ಲಿ ಓಡಿಸಿದ್ದಕ್ಕೆ ನನಗೆ ಸಿಕ್ಕ ಲಾಭ ದೊಡ್ಡದು. ಆ ಹೊರಗಿನ ದಾರಿ ತೋರಿಸಿದ್ದು ಎಲ್ಸಿನೋರ್. ಮಧ್ಯಾಹ್ನ ಯಮಹಾ ತೆಗೆದು, ಒಳಗಿನ ಕೊರಕಲು ತುಂಬಾ ಆಳವಾಗಿದ್ದಾಗ ಅದೇ ಹೊರಗಿನ ದಾರಿ ಹಿಡಿದೆ. ಮುಂದಿದ್ದ ಇಬ್ಬರನ್ನು ದಾಟಿದೆ. ಹೊಸ ಬೈಕು ನೆಲದ ಮೇಲಿನ ತಪ್ಪುಗಳನ್ನೆಲ್ಲ ತಾನೇ ನುಂಗಿಬಿಡುತ್ತದೆ. ಹಳೆಯದರಲ್ಲಿ ಕೂತರೆ ನೆಲವನ್ನು ನೀವೇ ಓದಬೇಕು.

ಕೋಲಾರದ ಧೂಳು

ಎರಡು ಸಲ ಓದಿದೆ. ಹೊರಗಿನ ಲೈನ್ ನಾನು ನೋಡಿದ್ದೇ ಇಲ್ಲ. ಎಲ್ಲರೂ ಹೋದ ಕೊರಕಲಿಗೇ ನಾನೂ ಹೋಗುತ್ತಿದ್ದೆ. ಈ ವಾರ ನೋಡುತ್ತೇನೆ.

ಯಾದವಗಿರಿ

ಒಂದು ಎಚ್ಚರಿಕೆ ಹೇಳಬೇಕು. "ಹಳೇ ಬೈಕು" ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ.

1981ರ ಮೈಕೋ 490 ತೆಗೆದುಕೊಳ್ಳಿ. ಗಾಳಿಯಿಂದ ತಣಿಯುವ ಇಂಜಿನ್, ಡ್ರಮ್ ಬ್ರೇಕ್, ಹಿಂದೆ ಎರಡು ಶಾಕ್. ನೋಡಲು ಹಳೆಯದೇ. ಆದರೆ ಅದರ ಚಕ್ರದ ಆಟ ಹೊಸ ಬೈಕುಗಳಿಗೆ ಹತ್ತಿರ. ಚೆನ್ನಾಗಿ ಓಡಿಸುವವರ ಕೈಯಲ್ಲಿ ಈಗಿನ ಟೇಬಲ್‌ಟಾಪ್‌ಗಳನ್ನೂ ಹಾರುತ್ತದೆ. ಅದನ್ನು 1965ರ ಬಿಎಸ್‌ಎ ಜೊತೆ ಒಂದೇ ಸರದಿಯಲ್ಲಿ ಬಿಟ್ಟರೆ ಮತ್ತೆ ಅದೇ ಅಪಾಯ.

ಅದಕ್ಕೇ ಇಂಗ್ಲೆಂಡಿನಲ್ಲಿ ಪ್ರಿ-65 (1965ಕ್ಕೆ ಮುಂಚಿನವು), ಟ್ವಿನ್‌ಶಾಕ್ (ಹಿಂದೆ ಎರಡು ಶಾಕ್ ಇರುವವು), ಇವೋ (ಒಂದೇ ಶಾಕ್ ಬಂದ ಮೊದಲ ಕಾಲದವು) ಅಂತ ಬೇರೆ ಬೇರೆ ಗುಂಪುಗಳಿವೆ. ಅಮೆರಿಕದಲ್ಲಿ 1986ರಲ್ಲಿ ಶುರುವಾದ ಆರ್ಮಾ, ಅಂದರೆ ಹಳೇ ಬೈಕುಗಳ ರೇಸ್ ಸಂಘ, ವಿಂಟೇಜ್ ಗುಂಪಿಗೆ ಚಕ್ರದ ಆಟಕ್ಕೇ ಮಿತಿ ಇಟ್ಟಿದೆ: ಮುಂದೆ 7 ಇಂಚು, ಹಿಂದೆ 4 ಇಂಚು. ಅದಕ್ಕಿಂತ ಜಾಸ್ತಿ ಇದ್ದರೆ ಪೋಸ್ಟ್ ವಿಂಟೇಜ್. ವರ್ಷ ನೋಡಿದರಷ್ಟೇ ಸಾಲದು, ಚಕ್ರ ಎಷ್ಟು ಆಡುತ್ತದೆ ನೋಡಿ ಅನ್ನುವುದು ನನಗೆ ತುಂಬಾ ಸರಿ ಅನ್ನಿಸುತ್ತದೆ.

ನನ್ನ ಹೆಸರು ನೋಡಿ ನಿಮಗೆ ಗೊತ್ತಾಗಿರಬಹುದು, ನಾನು ಮೈಸೂರಿನವನು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಸೈರನ್ ಕೇಳಿಕೊಂಡು ಬೆಳೆದವನು. ಜಾವಾಗೆ ಚೆಕ್ ದೇಶದಲ್ಲಿ ಸಿಝಡ್ ಅಂತ ಒಡಹುಟ್ಟಿದ ಹಾಗಿನ ಕಂಪನಿ ಇತ್ತು. 1964ರಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್ ಸಿಝಡ್‌ನಲ್ಲಿ 250ರ ವಿಶ್ವ ಚಾಂಪಿಯನ್ ಆದರು. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ 1968ರವರೆಗೆ ಮೂರು ವರ್ಷ 500ರಲ್ಲಿ ಗೆದ್ದರು. 500ರಲ್ಲಿ ಟೂ ಸ್ಟ್ರೋಕ್ ಗೆದ್ದದ್ದು ಅದೇ ಮೊದಲು. ಅದಕ್ಕೂ ಹಿಂದಿನ ಎರಡು ವರ್ಷ ಬಿಎಸ್‌ಎಯಲ್ಲಿ ಜೆಫ್ ಸ್ಮಿತ್ ಗೆದ್ದಿದ್ದರು. ಆಮೇಲೆ ಫೋರ್ ಸ್ಟ್ರೋಕ್ ಒಂದು 500ರ ಕಿರೀಟ ಗೆಲ್ಲಲು 1993ರವರೆಗೆ ಕಾಯಬೇಕಾಯಿತು. ನಮ್ಮ ಮೈಸೂರಿನಲ್ಲಿ ಹಾಲು ಹಾಕಲು, ಆಫೀಸಿಗೆ ಹೋಗಲು ಬಳಸುತ್ತಿದ್ದ ಗಾಡಿಯ ಮನೆತನ ಅದು. ಇದನ್ನು ಹೇಳುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಬಲಗಾಲು ಗೇರ್

ಯಾದವಗಿರಿಯವರೇ, ಇಲ್ಲಿ ಹಳೇ ಬೈಕುಗಳ ರೇಸ್‌ನಲ್ಲಿ ಸಿಝಡ್ ಈಗಲೂ ಬಹಳ. ಮುಂದಿನ ಸಲ ಒಂದರ ಪಕ್ಕ ನಿಂತು ಫೋಟೋ ಕಳಿಸುತ್ತೇನೆ.

ಬೈಕಿನಲ್ಲಿ ಏನು ನೋಡಿಕೊಳ್ಳಬೇಕು ಅಂತ ಹಾಸನದವರಿಗೆ ಯಾರೂ ಹೇಳಲಿಲ್ಲ. ನಾನು ಶುರು ಮಾಡುತ್ತೇನೆ.

ರಸ್ತೆ ಬೈಕಿನ ಫ್ರೇಮ್ ಅದು. ಹಾರಿ ಇಳಿಯಲು ಮಾಡಿದ್ದಲ್ಲ. ಹ್ಯಾಂಡಲ್ ಕೂರುವ ಕತ್ತಿನ ವೆಲ್ಡಿಂಗ್, ಸ್ವಿಂಗ್‌ಆರ್ಮ್ ಬೋಲ್ಟ್ ಇರುವ ಜಾಗ, ಶಾಕ್‌ನ ಮೇಲಿನ ಕಿವಿ, ಈ ಮೂರನ್ನೂ ಬಣ್ಣ ಕೆರೆದು ನೋಡಿ. ಕೂದಲೆಳೆಯಷ್ಟು ಬಿರುಕು ಇದ್ದರೂ ಓಡಿಸಬೇಡಿ. ಹತ್ತು ವರ್ಷ ನಿಂತ ಗಾಡಿಯಲ್ಲಿ ಚಕ್ರದ ಕಡ್ಡಿಗಳು ಸಡಿಲ ಆಗಿರುತ್ತವೆ. ಒಂದೊಂದನ್ನೂ ಸ್ಪ್ಯಾನರ್‌ನಿಂದ ತಟ್ಟಿ ಕೇಳಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲ ಇದ್ದದ್ದು ಮಂಕಾಗಿ ಕೇಳುತ್ತದೆ.

ಎಲ್ಸಿನೋರ್74

ಫುಟ್‌ರೆಸ್ಟ್ ಕೂಡ ನೋಡಿ. ಮಡಚದ ಫುಟ್‌ರೆಸ್ಟ್ ಇದ್ದರೆ ಬದಲಿಸಿ. ಕೊರಕಲಿನಲ್ಲಿ ಬೈಕು ಮಲಗಿದಾಗ ಅದು ಮಣ್ಣಿಗೆ ಕಚ್ಚಿಕೊಂಡು ನಿಮ್ಮನ್ನು ಎತ್ತಿ ಎಸೆಯುತ್ತದೆ. ಅಗಲವಾದ, ಹಲ್ಲಿರುವ, ಸ್ಪ್ರಿಂಗ್‌ನಲ್ಲಿ ಮಡಚುವ ಫುಟ್‌ರೆಸ್ಟ್ ಹಾಕಿಸಿ.

ಎರಡು ಸ್ಪಾರ್ಕ್ ಪ್ಲಗ್ ಜೇಬಿನಲ್ಲಿರಲಿ. ಮೊದಲ ಸರದಿ ಮುಗಿದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೆಲ್ಲದ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಹಾಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಟೂ ಸ್ಟ್ರೋಕ್‌ನಲ್ಲಿ ಒಂದು ಬೆರಳು ಯಾವಾಗಲೂ ಕ್ಲಚ್ ಮೇಲಿರಲಿ. ಇಂಜಿನ್ ಹಿಡಿದ ಕ್ಷಣ ಕ್ಲಚ್ ಒತ್ತಿದರೆ ಬೀಳದೆ ಉಳಿಯುತ್ತೀರಿ.

ಮತ್ತೆ ಒಂದು ವಿಷಯ ಗೆಳೆಯರ ಹತ್ತಿರ ಮೊದಲೇ ಮಾತಾಡಿ. 20 ನಿಮಿಷ ಅವರದು, 20 ನಿಮಿಷ ನಿಮ್ಮದು. ಒಬ್ಬನೇ ಇದ್ದರೂ ಪರವಾಗಿಲ್ಲ, ಕೇಳಿ ತೆಗೆದುಕೊಳ್ಳಿ. ಸಾಧ್ಯವಾದರೆ ದಿನದ ಮೊದಲ ಸರದಿ ಕೇಳಿ. ಆಗ ನೆಲ ನಯ ಇರುತ್ತದೆ.

ಪಡುಬಿದ್ರಿ

ಟ್ರ್ಯಾಕ್ ಇಟ್ಟುಕೊಂಡವರಿಗೂ ಒಂದು ಮಾತು. ಪ್ರತಿ ದೊಡ್ಡ ಏರಿಯ ಪಕ್ಕದಲ್ಲಿ, ಹಾರದೆ ಹೋಗಲು ಒಂದು ಕಿರುದಾರಿ ಬಿಡಿ. ನಡುವೆ ಟೈರ್ ಸಾಲು ಇಡಿ. ಮಕ್ಕಳಿಗೂ ಬೇಕು, ಹೊಸಬರಿಗೂ ಬೇಕು, ಹಳೇ ಬೈಕಿಗೂ ಬೇಕು. ಏರಿಯನ್ನು ತಗ್ಗಿಸುವುದೂ ಬೇಡ, ಯಾರ ತಲೆ ಮೇಲೆ ಯಾರೂ ಇಳಿಯುವುದೂ ಬೇಡ. ಮೊದಲ ಏರಿ ಕಟ್ಟುವಾಗಲೇ ಜಾಗ ಬಿಟ್ಟರೆ ಖರ್ಚು ಜಾಸ್ತಿ ಆಗುವುದಿಲ್ಲ. ಆಮೇಲೆ ಮಾಡಲು ಹೋದರೆ ಜೆಸಿಬಿ ಮತ್ತೆ ಬರಬೇಕು.

ಆರ್‌ಎಕ್ಸ್ ಹಾಸನ

ಹೋಗಿ ಬಂದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಬಣ್ಣ ಕೆರೆದು ನೋಡಿದಾಗ ಎಡಗಡೆ ಶಾಕ್‌ನ ಕಿವಿಯಲ್ಲಿ ಬಿರುಕು ಸಿಕ್ಕಿತು! ಪೇಂಟ್ ಕೆಳಗೆ ಮುಚ್ಚಿಹೋಗಿತ್ತು. ಪಟ್ಟಿ ಕೂರಿಸಿ ವೆಲ್ಡ್ ಮಾಡಿಸಿದೆ. ನೀವು ಹೇಳದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ಚಿಕ್ಕಪ್ಪ ಬಂದು ಮುಟ್ಟಿ ನೋಡಿ ಸುಮ್ಮನಾದರು.

ಬೆಳಿಗ್ಗೆ ಮೊದಲ ಸರದಿ ನನಗೇ ಕೊಟ್ಟರು. ಕೆಂಪು ಮಣ್ಣು, ರಾತ್ರಿ ನೀರು ಬಿಟ್ಟಿದ್ದರು. ಒಬ್ಬನೇ. 98 ಸಿಸಿ, 11 ಕುದುರೆ ಶಕ್ತಿ ಅಂತ ಕಾಗದದ ಮೇಲೆ. ಆದರೆ ಆ ಟ್ರ್ಯಾಕ್‌ನ ಹಿಂದಿನ ಭಾಗದಲ್ಲಿ, ನೀಲಗಿರಿ ಮರಗಳ ಪಕ್ಕ, ಎಡ ಬಲ ಎಡ ಅಂತ ಮೂರು ಮೂಲೆ ಇದೆ. ಅಲ್ಲಿ ಆರ್‌ಎಕ್ಸ್‌ಗೆ ಬ್ರೇಕೇ ಬೇಕಾಗಲಿಲ್ಲ. ಏರಿಗಳನ್ನು ಹತ್ತಿ ಇಳಿದೆ. ಡಬಲ್ ಜಂಪ್ ಇರುವ ಕಡೆ ಪಕ್ಕದ ದಾರಿ ಇರಲಿಲ್ಲ. ಮೊದಲನೆಯದನ್ನು ಹತ್ತಿ, ಗುಂಡಿಗೆ ಇಳಿದು, ಎರಡನೆಯದನ್ನು ಹತ್ತಿದೆ. ಗೆಳೆಯನೊಬ್ಬ ಅಲ್ಲೇ ಹಳದಿ ಟೀ ಶರ್ಟ್ ಹಿಡಿದುಕೊಂಡು ನಿಂತಿದ್ದ.

ಮೂರನೇ ಸರದಿಯ ಹೊತ್ತಿಗೆ ಒಳಗಿನ ಕೊರಕಲು ಆಳ ಆಗಿತ್ತು. ಹೊರಗಿನಿಂದ ಹೋದೆ. ಎಲ್ಸಿನೋರ್ ಸರ್ ಹೇಳಿದ ಹಾಗೇ, ಅಲ್ಲಿ ನೆಲ ಮುಟ್ಟಿರಲೇ ಇಲ್ಲ.

ಊಟ ಆದ ಮೇಲೆ ಕೆಟಿಎಂ 450 ಇರುವ ಗೆಳೆಯ ಆರ್‌ಎಕ್ಸ್ ಕೇಳಿದ. ಎರಡು ಸುತ್ತು ಅಂತ ಹೋದವನು ಟ್ಯಾಂಕ್ ಖಾಲಿ ಆಗುವವರೆಗೆ ಬರಲಿಲ್ಲ. ನಾನು ಅವನ ಕೆಟಿಎಂ ಓಡಿಸಿದೆ. ಅಷ್ಟು ಶಕ್ತಿ ನನಗೆ ಹೊಸದು. ಗ್ಯಾಸ್ ಕೊಡುವ ಮೊದಲೇ ಮೂಲೆ ಬಂದುಬಿಡುತ್ತದೆ.

ಕೋಲಾರದ ಧೂಳು

ಹಾಸನದವರೇ, ಮುಂದಿನ ಸಲ ಕೋಲಾರದ ಕಡೆ ಬನ್ನಿ. ಮೊದಲ ಸರದಿ ನಿಮ್ಮದು. ಟೇಬಲ್‌ಟಾಪ್ ಹತ್ತಿರ ನಾನು ಬಾವುಟ ಹಿಡಿಯುತ್ತೇನೆ.

ಎಲ್ಸಿನೋರ್74

ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ಹೇಳಿ.

ನಾನೂ ಇಲ್ಲಿಯ ಟ್ರ್ಯಾಕ್‌ನವರ ಹತ್ತಿರ ಮಾತಾಡಿದೆ. ಹೆಸರು ಬರೆಸುವಾಗ ಬೈಕಿನ ವರ್ಷವನ್ನೂ, ಹಿಂದೆ ಎರಡು ಶಾಕ್ ಇದೆಯಾ ಒಂದಾ ಅನ್ನುವುದನ್ನೂ ಕೇಳಲು ಒಪ್ಪಿದ್ದಾರೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ 9ರಿಂದ 10 ಹಳೇ ಬೈಕುಗಳಿಗೆ. ಮೊದಲ ವಾರ ನಾಲ್ಕು ಜನ ಬಂದಿದ್ದೆವು. ಎರಡು ಎಲ್ಸಿನೋರ್, ಒಂದು ಹಸ್ಕ್‌ವರ್ನಾ, ಒಂದು ಸಿಝಡ್. ಯಾದವಗಿರಿಯವರೇ, ಆ ಸಿಝಡ್‌ನ ಯಜಮಾನರಿಗೆ ಮೈಸೂರಿನ ಕಾರ್ಖಾನೆಯ ಬಗ್ಗೆ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಹಳೇ ಫೋಟೋ ಏನಾದರೂ ಇದ್ದರೆ ಕಳಿಸಿ, ತೋರಿಸಬೇಕು.